ಗಂಟೆ ಹೊಡೆಯುವವರೆಗೆ

ಈ ವರ್ಷ ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ಬದಿಯಡ್ಕದ ನಮ್ಮ ಬಾಡಿಗೆ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಯಾರೋ ಕಾಡು ಕಡಿಸುತ್ತಿದ್ದರು. ಹೆಗಲಿಗೆ ನೇತುಹಾಕಿಕೊಂಡು ಹುಲ್ಲು ಕತ್ತರಿಸುವ ಮೆಷಿನು. ಪೆಟ್ರೋಲಿನ ಹೊಗೆಯೂ ಹಸಿ ಹುಲ್ಲಿನ ರಸದ ವಾಸನೆಯೂ ಒಟ್ಟಿಗೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದವು. ವಾಸನೆಯನ್ನಾದರೆ ನಾನು ಹೇಗಾದರೂ ಸಹಿಸುತ್ತೇನೆ. ವರ್ಷಕ್ಕೊಂದೆರಡು ಸಲ ಬಂದೇ ಬರುತ್ತದೆ. ಆದರೆ ಕೆಲಸದವನು ನೀರು ಕುಡಿಯಲು ಹೋಗುವಾಗ ಮೆಷಿನನ್ನು ಆರಿಸದೆ ನೆಲದ ಮೇಲಿಟ್ಟು ಹೋದ. ಅದು ಅಲ್ಲೇ ಬಿದ್ದು ಗುರುಗುಡುತ್ತಿತ್ತು.

ನಾನು ಹಿತ್ತಿಲ ಬಾಗಿಲು ತೆಗೆದು ಓಡಿದೆ. "ಆಫ್ ಮಾಡಿ! ಮೊದಲು ಅದನ್ನು ಆಫ್ ಮಾಡಿ!"

"ಎಂತಾಯ್ತು ಅಕ್ಕ?" ಅವನು ಕೈಯಲ್ಲಿದ್ದ ಚೆಂಬನ್ನು ಅಲ್ಲೇ ಇಟ್ಟು ಓಡಿಬಂದು ಆರಿಸಿದ.

ಏನೂ ಆಗಿರಲಿಲ್ಲ. ನನ್ನ ಬಲಗೈ ಮಾತ್ರ ನೈಟಿಯಲ್ಲಿ ಇಲ್ಲದ ಜೇಬನ್ನು ಬಿಗಿಯಾಗಿ ಒತ್ತಿ ಹಿಡಿದಿತ್ತು.

ಆ ಜೇಬು ಎಂಟು ವರ್ಷ ಹಿಂದಿನದು. ೨೦೧೧ರ ಮಳೆಗಾಲದಲ್ಲಿ ನಾನು ಔಷಧ ವಿಜ್ಞಾನದ ಕೊನೆಯ ವರ್ಷದಲ್ಲಿದ್ದೆ. ನಮ್ಮ ಸಂಸ್ಥೆಯಲ್ಲಿ ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಎಲ್ಲ ಇದ್ದವು. ಬೇರೆ ಬೇರೆ ಕಟ್ಟಡ, ಬೇರೆ ಬೇರೆ ಕ್ಯಾಂಟೀನು. ಮುಂದೆ ಒಂದೇ ರೋಗಿಯ ಮಂಚದ ಸುತ್ತ ನಿಲ್ಲಬೇಕಾದವರು ನಾಲ್ಕೈದು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಓದುತ್ತಿದ್ದರು. ಇದನ್ನು ಸರಿಮಾಡಬೇಕೆಂದು ಆ ವರ್ಷ ಹೊಸ ಯೋಜನೆ ಬಂತು. ನಾಲ್ಕೂ ಕಡೆಯ ಮಕ್ಕಳನ್ನು ಒಂದು ತಂಡ ಮಾಡಿ, ಬೆಳ್ಳೂರಿನ ಕಡೆಗೆ ಹೋಗುವ ದಾರಿಯಲ್ಲಿದ್ದ ಸಂಸ್ಥೆಯ ಹಳ್ಳಿ ಕ್ಲಿನಿಕ್ಕಿಗೆ ಮೂರು ತಿಂಗಳು ಕಳಿಸುವುದು. ಒಟ್ಟಿಗೆ ಇರಬೇಕು, ಒಟ್ಟಿಗೆ ಊಟ ಮಾಡಬೇಕು, ಒಟ್ಟಿಗೆ ರೋಗಿಯನ್ನು ನೋಡಬೇಕು.

ಯೋಜನೆ ಕೆಟ್ಟದ್ದೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಕೆಟ್ಟದ್ದು ಅದನ್ನು ನಡೆಸಿದ ಮನುಷ್ಯ. ಅವರ ಹೆಸರನ್ನು ಬರೆಯುವಷ್ಟು ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ನಾವು ಅವರನ್ನು ಗಂಟೆ ಸರ್ ಎನ್ನುತ್ತಿದ್ದೆವು. ಸ್ವತಃ ದೊಡ್ಡ ಡಾಕ್ಟರು. ಮೇಜಿನ ಮೇಲೆ ಒಂದು ಹಿತ್ತಾಳೆಯ ಕೈಗಂಟೆ ಇಟ್ಟುಕೊಂಡಿರುತ್ತಿದ್ದರು.

ವಾರಕ್ಕೆರಡು ದಿನ ಅಣಕು ಚಿಕಿತ್ಸೆ ನಡೆಯುತ್ತಿತ್ತು. ನಾವು ಡ್ರಿಲ್ ಎನ್ನುತ್ತಿದ್ದೆವು. ಯಾವ ರೋಗವೆಂದು ಸರ್ ಒಂದು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಡುತ್ತಿದ್ದರು. ಅದು ಅವರಿಗೂ ರೋಗಿಯ ಪಾತ್ರ ಮಾಡುವವನಿಗೂ ಮಾತ್ರ ಗೊತ್ತು. ರೋಗಿ ಬಂದು ಬೀಳುತ್ತಾನೆ, ನಾವು ಕಂಡುಹಿಡಿದು ಚಿಕಿತ್ಸೆ ಮಾಡಬೇಕು. ಸಿರಿಂಜುಗಳಲ್ಲಿ ಬರೀ ನೀರು. ಅವುಗಳ ಮೇಲೆ ಔಷಧದ ಹೆಸರು ಬರೆದು ಅಂಟಿಸುವುದು ನನ್ನ ಕೆಲಸ. ಸರ್ ಗಂಟೆ ಹೊಡೆದರೆ ಮುಗಿಯಿತು. ಗಂಟೆ ಹೊಡೆಯುವವರೆಗೆ ಯಾರೂ ತಮ್ಮ ಪಾತ್ರದಿಂದ ಹೊರಗೆ ಬರುವಂತಿಲ್ಲ. ಡಾಕ್ಟರು ಡಾಕ್ಟರಾಗಿಯೇ ಇರಬೇಕು, ನರ್ಸು ಡಾಕ್ಟರು ಹೇಳಿದ್ದನ್ನೇ ಮಾಡಬೇಕು. ಇದು ನಿಯಮ.

ರೋಗಿ ಯಾವತ್ತೂ ಐತಪ್ಪಣ್ಣ. ಕ್ಲಿನಿಕ್ಕಿನ ಅಂಗಳ ಗುಡಿಸುವುದು, ಟ್ಯಾಂಕಿಗೆ ನೀರು ಬಿಡುವುದು, ಹಿಂದಿನ ಗೇರು ಗುಡ್ಡೆಯ ಕಾಡು ಕಡಿಯುವುದು ಅವರ ಕೆಲಸ. ಹಿಂದೆ ತುಳು ನಾಟಕದಲ್ಲಿ ಹಾಸ್ಯಪಾತ್ರ ಮಾಡಿದವರು. ಡ್ರಿಲ್ ಇದ್ದ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡು ಕೇಳುತ್ತಿದ್ದರು, "ಇವತ್ತು ನನಗೆ ಎಂತ ಸೀಕು ಸರ್?"

ಒಮ್ಮೆ ಪಾರ್ಶ್ವವಾಯು ಬಂದಾಗ ಎಷ್ಟು ಚಂದ ಬಾಯಿ ಓರೆ ಮಾಡಿದ್ದರೆಂದರೆ, ಔಷಧಿಗೆಂದು ಬಂದಿದ್ದ ಅಜ್ಜಿಯೊಬ್ಬರು ಅತ್ತುಬಿಟ್ಟಿದ್ದರು. "ಅಜ್ಜೀ, ಇದು ಮಧ್ಯಾಹ್ನಕ್ಕೆ ಸರಿಯಾಗ್ತದೆ" ಎಂದು ಅದೇ ಓರೆ ಬಾಯಲ್ಲಿ ಸಮಾಧಾನ ಹೇಳಿದ್ದರು.

ನರ್ಸಿಂಗಿನಿಂದ ಬಂದವಳು ಜಯಂತಿ, ಹೊಸಂಗಡಿಯ ಹುಡುಗಿ. ನನ್ನ ಕೋಣೆಯಲ್ಲೇ ಇದ್ದಳು. ಅವಳಿಗೆ ಎಲ್ಲವನ್ನೂ ಗಮನಿಸುವ ಚಾಳಿ. ಯಾರ ಚಪ್ಪಲಿ ಯಾವ ಕಡೆ ಸವೆದಿದೆ, ಯಾರು ಯಾವ ಕೈಯಲ್ಲಿ ಲೋಟ ಹಿಡಿಯುತ್ತಾರೆ, ಎಲ್ಲ ಅವಳಿಗೆ ಗೊತ್ತು. ಅಕ್ಕನ ಗಂಡ ಮಸ್ಕತ್ತಿನಲ್ಲಿ ಕೆಲಸ ಮಾತಾಡಿ ಇಟ್ಟಿದ್ದರು. ಆ ವರ್ಷ ಪಾಸಾದರೆ ಮರುವರ್ಷ ವಿಮಾನ. ಅವಳ ಮನೆಯವರೆಲ್ಲ ಆ ವಿಮಾನವನ್ನೇ ನೋಡುತ್ತಿದ್ದರು. ಮೆಡಿಕಲ್ಲಿನಿಂದ ನಿಖಿಲ್. ಒಳ್ಳೆಯ ಹುಡುಗ, ಆದರೆ ಗಂಟೆ ಸರ್ ಎದುರು ಮಾತ್ರ ಬೆವರುತ್ತಿದ್ದ. ಫಿಸಿಯೋಥೆರಪಿಯ ಇಬ್ಬರು ಡ್ರಿಲ್ ನೋಡಿ ವರದಿ ಬರೆಯುವವರು.

ಸೆಪ್ಟೆಂಬರಿನ ಆ ವಾರ ಕ್ಲಿನಿಕ್ಕಿನ ಫಾರ್ಮಸಿಸ್ಟ್ ರಜೆ ಹಾಕಿದ್ದರು. ತುರ್ತು ಔಷಧದ ಕಪಾಟಿನ ಕೀ ನನ್ನ ಏಪ್ರನ್ನಿನ ಬಲ ಜೇಬಿಗೆ ಬಂತು. "ಡಾಕ್ಟರರ ಸಹಿ ಇಲ್ಲದೆ ತೆಗೆಯಬೇಡ" ಎಂದು ಹೇಳಿಯೇ ಹೋಗಿದ್ದರು. ನಾನು ಅದನ್ನು ದೊಡ್ಡ ಗೌರವವೆಂದು ತಿಳಿದು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದೆ.

ಡ್ರಿಲ್ ಹನ್ನೊಂದು ಗಂಟೆಗೆ. ಐತಪ್ಪಣ್ಣ ಅಷ್ಟರವರೆಗೆ ಗೇರು ಗುಡ್ಡೆಯಲ್ಲಿ ಕಾಡು ಕಡಿಯುತ್ತಿದ್ದರು. ನಾವು ಸಿರಿಂಜುಗಳ ತಟ್ಟೆ ಜೋಡಿಸುತ್ತಿದ್ದೆವು. ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಐತಪ್ಪಣ್ಣ ಬಾಗಿಲಲ್ಲಿ ಕಾಣಿಸಿದರು. ಒಂದು ಕೈ ಕುತ್ತಿಗೆಯಲ್ಲಿ, ಇನ್ನೊಂದು ಕೈ ಹೊರಗೆ ಗುಡ್ಡೆಯ ಕಡೆಗೆ. "ಹುಳ..." ಎಂದರು. ಮತ್ತೇನೋ ಹೇಳಲು ಬಾಯಿ ತೆರೆದು, ಹೇಳಲಾಗದೆ ಮಂಚದ ಕಾಲಿನ ಹತ್ತಿರ ಕುಸಿದರು.

ವರದಿಯವರಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಗಂಟೆ ಸರ್ ಗಡಿಯಾರ ನೋಡಿ, "ಇವತ್ತು ಬೇಗ ಬಂದಿದ್ದಾನೆ. ಆಗ್ಲಿ, ಶುರು ಮಾಡಿ" ಎಂದು ಪೆನ್ನು ತೆಗೆದರು.

ನಿಖಿಲ್ ಚುರುಕಾಗಿಯೇ ಇದ್ದ. ಎತ್ತಿ ಮಂಚಕ್ಕೆ ಹಾಕಿಸಿದ. "ಹುಳ ಕಚ್ಚಿ ಅಲರ್ಜಿ ಆಗಿದೆ. ಅಡ್ರಿನಾಲಿನ್ ಕೊಡಿ ಸಿಸ್ಟರ್" ಎಂದ. ಜಯಂತಿ ತಟ್ಟೆಯಿಂದ ಸಿರಿಂಜು ತೆಗೆದಳು. ನನ್ನ ಕೈಬರಹದಲ್ಲಿ ಅಡ್ರಿನಾಲಿನ್ ಎಂದು ಬರೆದಿದ್ದ ನೀರು. ಡ್ರಿಲ್ಲಿನಲ್ಲಿ ಸೂಜಿ ಚುಚ್ಚುವುದಿಲ್ಲ, ತೊಡೆಗೆ ತಾಗಿಸಿ ಒತ್ತುವುದು, ಅಷ್ಟೆ. ಅವಳು ಹಾಗೆಯೇ ಒತ್ತಿದಳು. ನೀರು ಐತಪ್ಪಣ್ಣನ ಖಾಕಿ ಚಡ್ಡಿಯ ಮೇಲೆ ಹರಿಯಿತು.

ಆಗ ಅವಳು ತಲೆಯೆತ್ತಿ ಕಿಟಕಿಯ ಕಡೆ ಕಿವಿಗೊಟ್ಟಳು.

"ಮೆಷಿನ್ ಆಫ್ ಮಾಡ್ಲಿಲ್ಲ ಐತಪ್ಪಣ್ಣ" ಎಂದಳು.

ಬೇರೆ ಯಾರಿಗೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಐತಪ್ಪಣ್ಣ ಬೀಡಿ ಹಚ್ಚಲು ನಿಂತರೂ ಮೆಷಿನ್ ಆರಿಸುವವರು. ಪೆಟ್ರೋಲು ಸುಮ್ಮನೆ ಸುಡುವುದೆಂದರೆ ಅವರಿಗೆ ಹೊಟ್ಟೆ ಉರಿ. ಹೊರಗೆ ಗುಡ್ಡೆಯಲ್ಲಿ ಮೆಷಿನು ಒಂದೇ ಸಮನೆ ಗುರುಗುಡುತ್ತಿತ್ತು.

ಜಯಂತಿ ಐತಪ್ಪಣ್ಣನ ಅಂಗಿ ಎತ್ತಿದಳು. ಬೆನ್ನ ತುಂಬ ಅಂಗೈಯಗಲದ ದದ್ದುಗಳು. ತುಟಿ ದಪ್ಪಗಾಗುತ್ತಿತ್ತು. ಅವಳು ನಾಡಿ ಹಿಡಿದು, ಬಿಟ್ಟು, ಮತ್ತೆ ಹಿಡಿದಳು.

"ಸರ್, ಇದು ಡ್ರಿಲ್ ಅಲ್ಲ. ಕಣಜ ಕಚ್ಚಿದೆ. ನಾಡಿ ಸಿಗ್ತಾ ಇಲ್ಲ."

ಗಂಟೆ ಸರ್ ಕುರ್ಚಿಯಿಂದ ಏಳಲಿಲ್ಲ. ಹತ್ತು ಹೆಜ್ಜೆ ದೂರ. ಅವರ ಮೇಜಿನ ಮೇಲೆ ಲಕೋಟೆಯಿತ್ತು. ಅದರೊಳಗಿನ ಚೀಟಿಯಲ್ಲಿ ಎದೆನೋವು ಎಂದು ಬರೆದಿತ್ತು. ಆಮೇಲೆ ನಾನೇ ಬಿಡಿಸಿ ನೋಡಿದ್ದೇನೆ. ಇವತ್ತಿನ ರೋಗ ಹುಳದ್ದಲ್ಲ ಎಂದು, ಐತಪ್ಪಣ್ಣನನ್ನು ಬಿಟ್ಟರೆ, ಆ ಕೋಣೆಯಲ್ಲಿ ಗೊತ್ತಿದ್ದ ಒಬ್ಬನೇ ಮನುಷ್ಯ ಅವರು. ಅವರು ನಕ್ಕರು. "ಐತಪ್ಪ ಪಾಠ ಮರೆತಿದ್ದಾನೆ. ಪರವಾಗಿಲ್ಲ. ಸಿಸ್ಟರ್ ಹೇಳಿದ್ದು ಒಳ್ಳೆ ಪಾಯಿಂಟ್, ಡಾಕ್ಟರ್ ಎಂತ ಹೇಳ್ತೀರಿ?"

ನಿಖಿಲ್ ಒಮ್ಮೆ ಗಂಟೆ ಸರ್ ಅವರ ಮುಖ ನೋಡಿದ. "ಸಲೈನ್ ಹಾಕಿ" ಎಂದ, ಪರೀಕ್ಷೆಗೆ ಉತ್ತರ ಹೇಳುವವನ ಹಾಗೆ.

"ನಿಖಿಲ್, ನೀನು ಒಮ್ಮೆ ಮುಟ್ಟಿ ನೋಡು ಮಾರಾಯ!" ಎಂದಳು ಜಯಂತಿ.

"ಸಿಸ್ಟರ್" ಗಂಟೆ ಸರ್ ದನಿ ಏರಿತು, "ಪಾತ್ರದಿಂದ ಹೊರಗೆ ಬರ್ಬೇಡಿ. ಗಂಟೆ ಆಗ್ಲಿಲ್ಲ."

ಜಯಂತಿ ನನ್ನ ಕಡೆ ತಿರುಗಿ ಕೈ ಚಾಚಿದಳು. "ಸುಮಾ, ಕೀ ಕೊಡು."

ನಾನು ಮಾಡಿದ್ದಿಷ್ಟು. ಬಲಗೈಯಿಂದ ಜೇಬನ್ನು ಒತ್ತಿ ಹಿಡಿದೆ. ಗಂಟೆ ಸರ್ ಮುಖ ನೋಡಿದೆ. ಸಹಿ ಯಾರು ಹಾಕುತ್ತಾರೆ ಎಂದು ಯೋಚಿಸಿದೆ. ಐತಪ್ಪಣ್ಣನ ಗಂಟಲಿನಿಂದ ಸೀಟಿಯಂತಹ ಸದ್ದು ಬರುತ್ತಿತ್ತು, ಅದು ನಟನೆಯಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ನಿಂತಿದ್ದೆ. ಎಷ್ಟು ಹೊತ್ತು? ದಿನಕ್ಕೊಂದು ಲೆಕ್ಕ ಸಿಗುತ್ತದೆ ನನಗೆ. ಕೆಲವೊಮ್ಮೆ ಎರಡು ಉಸಿರಿನಷ್ಟು, ಕೆಲವೊಮ್ಮೆ ಇಡೀ ಮಧ್ಯಾಹ್ನ.

"ಕೊಡು ಮಾರಾಯ್ತೀ!" ಎಂದು ಜಯಂತಿ ನನ್ನ ಕೈ ಸರಿಸಿ ಜೇಬಿನೊಳಗೆ ಕೈ ಹಾಕಿ ಕಿತ್ತುಕೊಂಡಳು. ಜೇಬಿನ ಹೊಲಿಗೆ ಬಿಟ್ಟಿತು. ಕಪಾಟು ತೆರೆದಳು, ನಿಜವಾದ ಅಡ್ರಿನಾಲಿನ್ ಸೀಸೆಯ ಗಾಜಿನ ಕುತ್ತಿಗೆ ಮುರಿದಳು, ಅರ್ಧ ಎಂ.ಎಲ್. ಎಳೆದು ತೊಡೆಗೆ ಚುಚ್ಚಿದಳು. ಆಗ ನಿಖಿಲನಿಗೆ ಎಚ್ಚರವಾಯಿತು. ಓಡಿಹೋಗಿ ಆಮ್ಲಜನಕದ ಸಿಲಿಂಡರು ಎಳೆದು ತಂದ, ಕಾಲು ಎತ್ತಿ ಹಿಡಿದ. ಗಂಟೆ ಸರ್ ಎದ್ದು ಬರುವಾಗ ಅವರ ಮಂಡಿ ಮೇಜಿಗೆ ಬಡಿದು ಗಂಟೆ ಕೆಳಗೆ ಬಿತ್ತು. ಆ ಡ್ರಿಲ್ಲಿಗೆ ಗಂಟೆ ಆದದ್ದು ಹಾಗೆ.

ಐತಪ್ಪಣ್ಣ ಉಳಿದರು. ಜೀಪಿನಲ್ಲಿ ಮಲಗಿಸಿ ಕಾಸರಗೋಡಿಗೆ ಕೊಂಡುಹೋಗುವಾಗ ದಾರಿಯಲ್ಲಿ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಮೆಷಿನ್ ಯಾರು ಆಫ್ ಮಾಡಿದ್ದು?" ಜಯಂತಿ ನಗುತ್ತ ಅಳತೊಡಗಿದಳು. ಪೆಟ್ರೋಲು ಮುಗಿದು ಅದು ತಾನಾಗಿಯೇ ನಿಂತಿತ್ತು.

ಇಲ್ಲಿಗೆ ನಿಂತಿದ್ದರೆ ನಾನು ಇವತ್ತು ಬೇರೆ ಬರಹ ಬರೆಯುತ್ತಿದ್ದೆ. ಮೂರನೆಯ ದಿನ ಗಂಟೆ ಸರ್ ಟೈಪು ಮಾಡಿದ ಒಂದು ಹಾಳೆ ತಂದರು. ಜಂಟಿ ಹೇಳಿಕೆ. ತರಬೇತಿಯ ನಡುವೆ ನಿಜವಾದ ತುರ್ತು ಸಂದರ್ಭ ಬಂದಾಗ ತಂಡವು ಮಾರ್ಗದರ್ಶಕರ ನೇತೃತ್ವದಲ್ಲಿ ಒಟ್ಟಾಗಿ ಕೆಲಸ ಮಾಡಿ ರೋಗಿಯನ್ನು ಉಳಿಸಿತು ಎಂದಿತ್ತು. ಕೊನೆಯಲ್ಲಿ ಒಂದು ವಾಕ್ಯ: ನರ್ಸಿಂಗ್ ವಿದ್ಯಾರ್ಥಿನಿಯು ವೈದ್ಯರ ಆದೇಶವಿಲ್ಲದೆ, ಔಷಧದ ಕಪಾಟಿನ ಕೀಯನ್ನು ಬಲವಂತವಾಗಿ ಕಿತ್ತುಕೊಂಡು, ಚುಚ್ಚುಮದ್ದು ನೀಡಿರುತ್ತಾಳೆ.

ನಿಖಿಲ್ ಓದದೆಯೇ ಸಹಿ ಹಾಕಿದ. ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಗಂಟೆ ಸರ್ ಮೆಲ್ಲಗೆ ಹೇಳಿದರು, "ನೋಡು ಸುಮಾ. ಕೀ ನಿನ್ನ ಜವಾಬ್ದಾರಿಯಲ್ಲಿತ್ತು. ನೀನೇ ಕೊಟ್ಟದ್ದು ಅಂತ ಆದ್ರೆ ಪ್ರಶ್ನೆ ನಿನಗೆ ಬರ್ತದೆ. ಕಿತ್ತುಕೊಂಡದ್ದು ಅಂತ ಆದ್ರೆ ಬರೂದಿಲ್ಲ. ಕಿತ್ತುಕೊಂಡದ್ದೇ ಅಲ್ವಾ?"

"ಹೌದು ಸರ್."

"ಮತ್ತೆಂತ ಯೋಚನೆ?"

ನಾನು ಸಹಿ ಹಾಕಿದೆ. ಅದು ಸುಳ್ಳೂ ಆಗಿರಲಿಲ್ಲ.

ಜಯಂತಿಗೆ ಆ ಮೂರು ತಿಂಗಳ ತರಬೇತಿಯ ಪ್ರಮಾಣಪತ್ರ ಕೊಡಲಿಲ್ಲ. ಅದಿಲ್ಲದೆ ಪರೀಕ್ಷೆಗೆ ಕೂರಲಾಗಲಿಲ್ಲ. ಒಂದು ವರ್ಷ ಹೋಯಿತು, ಮಸ್ಕತ್ತಿನ ಆ ಕೆಲಸವೂ ಹೋಯಿತು. ಕೋಣೆ ಖಾಲಿ ಮಾಡುವ ದಿನ ಅವಳು ಬಕೆಟ್ಟಿನೊಳಗೆ ಚಪ್ಪಲಿ ತುಂಬಿಸುತ್ತ, "ನಿನ್ನ ಏಪ್ರನ್ ಹೊಲಿಸ್ಲಿಕ್ಕೆ ಉಂಟು, ಮರೀಬೇಡ" ಎಂದಳು. ಬೈದಿದ್ದರೆ ನಾನು ಬದುಕುತ್ತಿದ್ದೆ. ಗಂಟೆ ಸರ್ ಅದೇ ವರ್ಷ ಆ ಯೋಜನೆಯ ಬಗ್ಗೆ ಊರೂರಲ್ಲಿ ಭಾಷಣ ಮಾಡಿದರು. ಮೇಲಿನ ಹುದ್ದೆಗೆ ಹೋದರು. ಅವರ ಭಾಷಣದಲ್ಲಿ ಐತಪ್ಪಣ್ಣನ ಕಥೆ ಇರುತ್ತಿತ್ತಂತೆ. ಜಯಂತಿ ಇರುತ್ತಿರಲಿಲ್ಲ.

ಅವತ್ತಿನಿಂದ ನಾನು ಕಾಯುತ್ತಿದ್ದೆ. ಓದು ಮುಗಿಸಿ ಅದೇ ಸಂಸ್ಥೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ್ದೂ, ಯಾರಿಗೂ ಬೇಡದ ಆ ಹಳ್ಳಿ ತರಬೇತಿಯ ಹೊಣೆಯನ್ನು ಕೇಳಿ ಪಡೆದದ್ದೂ ಸೇವೆಗೆಂದು ಹೇಳಿದರೆ ನಗು ಬರುತ್ತದೆ. ನಾನು ಬಲೆ ಹಾಕಿ ಕೂತಿದ್ದೆ. ಈ ವರ್ಷ, ಹಿತ್ತಿಲಲ್ಲಿ ಆ ಮೆಷಿನು ಗುರುಗುಟ್ಟಿದ ವಾರವೇ, ಹೊಸ ತಂಡದ ಉದ್ಘಾಟನೆಗೆ ಗಂಟೆ ಸರ್ ಬರುತ್ತಾರೆಂದು ಪತ್ರ ಬಂತು.

ಐತಪ್ಪಣ್ಣನಿಗೆ ಈಗ ಮೀಸೆ ಬೆಳ್ಳಗಾಗಿದೆ. ಉದ್ಘಾಟನೆಯ ದಿನ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲಲ್ಲಿ ಬಂದು ನಿಂತರು. "ಇವತ್ತು ನನಗೆ ಎಂತ ಸೀಕು ಅಕ್ಕ?"

"ಆ ವರ್ಷದ್ದೇ ಐತಪ್ಪಣ್ಣ. ಅವರು ಬರ್ತಿದ್ದಾರೆ."

"ಅದು ನನಗೆ ಬಾಯಿಪಾಠ ಉಂಟು" ಎಂದರು. "ಕಣಜ ಮಾತ್ರ ಬೇಡ."

ನನ್ನ ಡ್ರಿಲ್ಲಿನಲ್ಲಿ ಪಾತ್ರಗಳನ್ನು ಚೀಟಿ ಎತ್ತಿ ಹಂಚುತ್ತೇವೆ. ಡಾಕ್ಟರಾಗುವವನಿಗೆ ನರ್ಸಿನ ಪಾತ್ರ ಬರಬಹುದು, ನರ್ಸಿಗೆ ಡಾಕ್ಟರಿನದ್ದು. ಭಾಷಣ ಮುಗಿದ ಮೇಲೆ, ಅತಿಥಿಗಳೂ ಒಂದು ಚೀಟಿ ಎತ್ತಬೇಕೆಂದು ಬಟ್ಟಲು ಮುಂದೆ ಹಿಡಿದೆ. ಅವರು ನಗುತ್ತ ಎತ್ತಿದರು. ಆ ಬಟ್ಟಲಿನ ಎಲ್ಲ ಚೀಟಿಯಲ್ಲೂ ನರ್ಸ್ ಎಂದೇ ಬರೆದಿದ್ದೆ. ಮಕ್ಕಳಿಗೆ ಬೇರೆ ಬಟ್ಟಲು.

ಡಾಕ್ಟರ ಪಾತ್ರ ಬಂದ ಹುಡುಗಿಗೆ ಮೊದಲೇ ಹೇಳಿದ್ದೆ: ಇವತ್ತಿನ ಪಾಠ, ನರ್ಸಿನ ಮಾತು ಕೇಳದ ಡಾಕ್ಟರು. ಎಂತ ಹೇಳಿದರೂ ಕೇಳಬೇಡ. ಗಂಟೆ ನನ್ನ ಕೈಯಲ್ಲಿತ್ತು. ಅದೇ ಹಿತ್ತಾಳೆಯ ಗಂಟೆ, ಬಿದ್ದು ಬಾಯಿ ಚಪ್ಪಟೆಯಾದದ್ದು. ಕಪಾಟಿನ ಕೀ ನನ್ನ ಜೇಬಿನಲ್ಲಿತ್ತು.

ಐತಪ್ಪಣ್ಣ ಬಂದರು. ಕೈ ಕುತ್ತಿಗೆಯಲ್ಲಿ, ಇನ್ನೊಂದು ಕೈ ಗುಡ್ಡೆಯ ಕಡೆಗೆ. "ಹುಳ..." ಎಂದು ಅದೇ ಮಂಚದ ಕಾಲಿಗೆ ಕುಸಿದರು. ಗಂಟಲಿನಿಂದ ಆ ಸೀಟಿಯನ್ನೂ ತಂದರು. ಗಂಟೆ ಸರ್ ಮುಖದಿಂದ ನಗು ಇಳಿಯುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಎಂಟು ವರ್ಷ ಕಾದ ದೃಶ್ಯ, ಒಂದು ಚೂರೂ ತಪ್ಪಿಹೋಗಬಾರದಿತ್ತು.

ಹುಡುಗಿ ನೀರಿನ ಸಿರಿಂಜು ಕೊಡಿಸಿದಳು. ಗಂಟೆ ಸರ್, "ಡಾಕ್ಟರ್, ಇದು ಕೆಲಸ ಮಾಡ್ತಿಲ್ಲ. ನಾಡಿ ನೋಡಿ" ಎಂದರು.

"ಒಳ್ಳೆ ಪಾಯಿಂಟ್ ಸಿಸ್ಟರ್" ಎಂದಳು ಹುಡುಗಿ. "ಸಲೈನ್ ಹಾಕಿ."

ಮಕ್ಕಳು ನಕ್ಕರು. ಗಂಟೆ ಸರ್ ಅವರ ಕಿವಿ ಕೆಂಪಾಯಿತು. "ನಾನು ಹೇಳ್ತಾ ಇದ್ದೇನೆ, ಇವನಿಗೆ ನಿಜವಾಗಿ..."

"ಸಿಸ್ಟರ್, ಪಾತ್ರದಿಂದ ಹೊರಗೆ ಬರ್ಬೇಡಿ. ಗಂಟೆ ಆಗ್ಲಿಲ್ಲ." ಇದನ್ನು ಹೇಳಿದ್ದು ನಾನು.

ಅವರು ನನ್ನತ್ತ ತಿರುಗಿದರು. ನಿಧಾನವಾಗಿ ಗುರುತು ಹಿಡಿದರು. ಅವರ ಕೈ ಮುಂದೆ ಬಂತು. "ಕೀ ಕೊಡಿ" ಎಂದರು. ದನಿ ಸಣ್ಣಗಿತ್ತು. ನಾನು ಜೇಬನ್ನು ಒತ್ತಿ ಹಿಡಿದು ಅವರ ಮುಖವನ್ನೇ ನೋಡಿದೆ. ಅವರು ಕಿತ್ತುಕೊಳ್ಳಲಿಲ್ಲ. ಚಾಚಿದ ಕೈ ಚಾಚಿಯೇ ನಿಂತರು. ಐತಪ್ಪಣ್ಣನ ಸೀಟಿ ಸಣ್ಣಗಾಗುತ್ತ ಹೋಗಿ ನಿಂತಿತು. ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಆಮೇಲೆ ನಾನು ಗಂಟೆ ಹೊಡೆದೆ.

ವರದಿ ಬರೆದ ಹುಡುಗ ಓದಿದ: "ನರ್ಸ್ ಎರಡು ಸಲ ಹೇಳಿದರು. ಕೀ ಕೇಳಿದರು. ಆಮೇಲೆ ಸುಮ್ಮನಾದರು. ರೋಗಿ ತೀರಿಕೊಂಡರು." ನಿಯಮದಂತೆ ಪಾತ್ರ ಮಾಡಿದವರೆಲ್ಲ ಸಹಿ ಹಾಕಬೇಕು. ನರ್ಸ್ ಎಂಬ ಸಾಲಿನ ಎದುರು ಗಂಟೆ ಸರ್ ಸಹಿ ಹಾಕಿದರು. ಪೆನ್ನು ಮುಚ್ಚುತ್ತ, "ಅವತ್ತಿನ ಆ ನರ್ಸಿಂಗ್ ಹುಡುಗಿಯ ಹೆಸರು ಎಂತ?" ಎಂದು ಕೇಳಿದರು. ನನಗೆ ಅವರ ಕುತ್ತಿಗೆ ಹಿಡಿಯಬೇಕೆನಿಸಿತು. ಹೆಸರು ಹೇಳಲಿಲ್ಲ. ಅವರು ಮಧ್ಯಾಹ್ನದ ಊಟಕ್ಕೆ ನಿಲ್ಲದೆ ಹೊರಟುಹೋದರು. ಐತಪ್ಪಣ್ಣ ಎದ್ದು ಕೂತು ಬೆವರು ಒರೆಸಿಕೊಂಡರು. "ಇನ್ನು ಈ ಸೀಕು ಬೇಡ ಅಕ್ಕ" ಎಂದರು, ನನ್ನ ಮುಖ ನೋಡದೆ.

ಸಂಜೆ ಆ ಹಾಳೆಯ ಫೋಟೋ ತೆಗೆದು ಜಯಂತಿಗೆ ಕಳಿಸಿದೆ. ಎರಡು ವರ್ಷ ತಡವಾಗಿ ಅವಳು ಕೊನೆಗೂ ಮಸ್ಕತ್ತಿಗೆ ಹೋಗಿದ್ದಾಳೆ, ಮೊದಲು ಮಾತಾಡಿಟ್ಟದ್ದಕ್ಕಿಂತ ಸಣ್ಣ ಆಸ್ಪತ್ರೆಗೆ. ನಡೆದದ್ದನ್ನೆಲ್ಲ ಬರೆದೆ. ಚೀಟಿ, ಬಟ್ಟಲು, ಕೆಂಪಾದ ಕಿವಿ, ಯಾವುದನ್ನೂ ಬಿಡಲಿಲ್ಲ. ಅವಳು ಕುಣಿದಾಡುತ್ತಾಳೆಂದು ಕಾದೆ.

"ಐತಪ್ಪಣ್ಣ ಹೇಗಿದ್ದಾರೆ?" ಎಂದು ಬಂತು ಮೊದಲು.

"ಚೆನ್ನಾಗಿದ್ದಾರೆ."

ಅವಳು ಫೋಟೋವನ್ನು ದೊಡ್ಡದು ಮಾಡಿ ಓದುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಎಲ್ಲವನ್ನೂ ಗಮನಿಸುವವಳು.

"ಕೀ ಕೇಳಿದರು ಅಂತ ಬರ್ದಿದೆ. ಈ ಸರ್ತಿ ಕೀ ಯಾರ ಹತ್ರ ಇತ್ತು ಮಾರಾಯ್ತಿ?"

"ನನ್ನ ಹತ್ರ."

"ನೀನು ಕೊಟ್ಟಿಯಾ?"

ಇಲ್ಲ ಎಂದು ಬರೆದು ಕಳಿಸಿದೆ. ಎರಡು ಸಲಕ್ಕೂ ಅದೇ ಉತ್ತರ.